ಬಸ್ಸು ಬಂದಾಗ ಎಂಟು ಗಂಟೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮ್ಯಾನೇಜರರ ಕನ್ನಡಕದ ಚೌಕಟ್ಟು ದಪ್ಪ, ಕಪ್ಪು ಎಂದು ನನಗೆ ಗಟ್ಟಿ ನೆನಪು. ಮೊನ್ನೆ ಜಾಲ್ಸೂರಿನ ಅವರ ಮನೆಯಲ್ಲಿ ಹಾರ ಹಾಕಿಟ್ಟಿದ್ದ ಫೋಟೋದಲ್ಲಿ ಅವರಿಗೆ ಕನ್ನಡಕವೇ ಇರಲಿಲ್ಲ. ಲ್ಯಾಬಿನ ಗೋಡೆಯ ಗಡಿಯಾರ ಒಂಬತ್ತು ನಿಮಿಷ ಹಿಂದಿತ್ತೋ ಹನ್ನೊಂದೋ, ಅದೂ ಖಾತ್ರಿಯಿಲ್ಲ. ನಾನು ಕಾಲೇಜಿನ ದಿನಗಳಿಂದ ಡೈರಿ ಬರೆಯುವವಳು. ಹಾಗಾಗಿ ನನ್ನ ನೆನಪು ಚೆನ್ನಾಗಿದೆ ಎಂದು ಮನೆಯವರೆಲ್ಲ ತಿಳಿದಿದ್ದಾರೆ. ಆದರೆ ಬರೆಯದೆ ಬಿಟ್ಟ ದಿನಗಳನ್ನು ಆಮೇಲೆ ನಾವೇ ಕಟ್ಟಿಕೊಳ್ಳುತ್ತೇವೆ, ಕಟ್ಟಿಕೊಂಡದ್ದು ಬರೆದದ್ದಕ್ಕಿಂತ ಗಟ್ಟಿಯಾಗಿ ಕೂರುತ್ತದೆ. ಅವರ ವಿಷಯದಲ್ಲಿ ನಾನು ಬರೆಯದೆ ಬಿಟ್ಟದ್ದು ಒಂದೇ ವಾರ. ಬೇಕಾಗಿದ್ದದ್ದು ಆ ವಾರವೇ.

ಎಂ.ಎಸ್ಸಿ. ಮುಗಿಸಿ ಬಂದ ವರ್ಷ ಸುಳ್ಯದಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತು. ಲ್ಯಾಬು ಎಂದರೆ ದೊಡ್ಡದೇನಲ್ಲ. ಯಂತ್ರಗಳೂ ಮಾಲೀಕರಾದ ಡಾಕ್ಟರೂ ಇದ್ದದ್ದು ಪುತ್ತೂರಿನಲ್ಲಿ. ಸುಳ್ಯ ಮತ್ತು ಕಡಬದಲ್ಲಿ ಒಂದೊಂದು ಕೋಣೆ. ಅಲ್ಲಿ ರಕ್ತ ತೆಗೆದು ಪುತ್ತೂರಿಗೆ ಕಳಿಸುವುದು, ಅಲ್ಲಿಂದ ಕಂಪ್ಯೂಟರಿನಲ್ಲಿ ಬಂದ ರಿಪೋರ್ಟನ್ನು ಮುದ್ರಿಸಿ ಕೊಡುವುದು. ಮುದ್ರಿಸಿ ಕೊಡುವವಳು ನಾನು. ರಕ್ತ ತೆಗೆಯುವವರು ನನ್ನ ಚಿಕ್ಕಮ್ಮ, ಅಮ್ಮನ ತಂಗಿ. ನನ್ನನ್ನು ಅಲ್ಲಿ ಸೇರಿಸಿದವರೂ ಅವರೇ. ನಮ್ಮಿಬ್ಬರ ಮೇಲೆ ಮ್ಯಾನೇಜರರು. ಈ ಬರಹ ಅವರ ಕುರಿತದ್ದು. ಹೆಸರು ಬೇಡ, ಇದ್ದಾಗಲೂ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಪೇಟೆಯವರಿಗೆ ಅವರು ‘ಟೈಮ್ ಕೀಪರ್ರು’. ಲ್ಯಾಬಿಗೆ ಬರುವ ಮೊದಲು ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿ ಬಸ್‌ಸ್ಟ್ಯಾಂಡಿನಲ್ಲಿ ಸೀಟಿ ಊದಿ ಬಸ್ಸುಗಳನ್ನು ಹೊರಡಿಸುತ್ತಿದ್ದವರು. ಸೀಟಿ ಕೈಬಿಟ್ಟಿತ್ತು, ಬಾಯಿ ಬಿಟ್ಟಿರಲಿಲ್ಲ. ರಿಪೋರ್ಟು ತಡವಾದರೆ ತುಟಿ ಮುಂದೆ ಮಾಡಿ ಅದೇ ಸೀಟಿ ಹೊಡೆಯುತ್ತಿದ್ದರು.

ಲ್ಯಾಬಿನ ಗೋಡೆಯಲ್ಲಿ ಒಂದು ದೊಡ್ಡ ಗಡಿಯಾರವಿತ್ತು. ಹೊಟ್ಟೆ ಉಬ್ಬರದ ಮಾತ್ರೆಯ ಕಂಪನಿಯವರು ಉಚಿತವಾಗಿ ಕೊಟ್ಟದ್ದು. ಅದರ ಮುಖದ ಮೇಲೆ ಒಂದು ಜಠರದ ಚಿತ್ರ. ಮುಳ್ಳುಗಳು ಜಠರದ ನಡುವಿನಿಂದ ಹೊರಡುತ್ತಿದ್ದವು. ಪ್ರತಿದಿನ ಬೆಳಿಗ್ಗೆ ಮ್ಯಾನೇಜರರು ಅದರ ಕೆಳಗೆ ಪ್ಲಾಸ್ಟಿಕ್ ಸ್ಟೂಲ್ ಇಟ್ಟು, ಚಪ್ಪಲಿ ಕಳಚಿ, ಮೇಲೆ ಹತ್ತಿ ನಿಂತು, ಬಾಗಿಲಿನಾಚೆಯ ರಸ್ತೆಯನ್ನು ನೋಡುತ್ತಿದ್ದರು. ಗುತ್ತಿಗಾರಿನ ಬಸ್ಸು ಬಂದು ಎದುರಿಗೆ ನಿಲ್ಲುತ್ತಿತ್ತು. ಅದರಿಂದ ಚಿಕ್ಕಮ್ಮ ಇಳಿಯುತ್ತಿದ್ದರು. ಮ್ಯಾನೇಜರರು “ಎಂಟು!” ಎಂದು ಕೂಗಿ, ಮುಳ್ಳು ಎಲ್ಲಿದ್ದರೂ ಅದನ್ನು ಎಂಟಕ್ಕೆ ತಂದು, ಗಾಜಿಗೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ಇಳಿಯುತ್ತಿದ್ದರು. ದೇವರಿಗೆ ಊದುಬತ್ತಿ ಹಚ್ಚುವುದು ಆಮೇಲೆ.

“ಆ ಬಸ್ಸಿಗೆ ಇಲ್ಲಿ ಎಂಟು ಗಂಟೆಯ ಟೈಮು. ನಾನೇ ಬರ್ಕೊಟ್ಟದ್ದು,” ಎನ್ನುತ್ತಿದ್ದರು.

ಆಗ ನಮ್ಮ ಕೈಯಲ್ಲಿದ್ದದ್ದು ಬಟನ್ ಫೋನು. ಅದರ ಗಂಟೆಯನ್ನು ನಾವೇ ಒತ್ತಿ ಸರಿಮಾಡಬೇಕು. ನನ್ನ ಫೋನು ಗೋಡೆಯ ಜಠರಕ್ಕಿಂತ ಮುಂದಿದೆ ಎಂದು ಒಮ್ಮೆ ಹೇಳಿದೆ.

“ಎಂತ ಯೂನಿವರ್ಸಿಟಿ,” ಎಂದರು. ನನ್ನನ್ನು ಅವರು ಕರೆಯುತ್ತಿದ್ದದ್ದು ಹಾಗೆ. “ಮೊಬೈಲಿನ ಗಂಟೆ ಮೊಬೈಲಿಗೆ. ನಿಮ್ಮದನ್ನು ನಂಬಿ ನಾಳೆ ನಾಲ್ಕು ಜನ ಉಪವಾಸ ಕೂತ್ರೆ?”

ಉಪವಾಸದ ಮಾತು ಸುಮ್ಮನೆ ಬಂದದ್ದಲ್ಲ. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ಬಂದವರನ್ನು ಅವರು ವಿಚಾರಣೆ ಮಾಡುತ್ತಿದ್ದರು.

“ರಾತ್ರಿ ಎಷ್ಟು ಗಂಟೆಗೆ ಊಟ?”

“ಎಂಟಕ್ಕೆ.”

“ಯಾವ ಎಂಟು? ನಿಮ್ಮ ಮನೆಯದ್ದಾ, ನಮ್ಮದಾ?”

ಅರಂತೋಡಿನಿಂದ ಬಂದ ಒಬ್ಬರು ಅಜ್ಜ, “ನಮ್ಮ ಮನೆಯಲ್ಲಿ ಗಡಿಯಾರ ಇಲ್ಲ ಮಾರಾಯ್ರೆ, ಹಸಿವು ಆದಾಗ ಉಣ್ಣುದು,” ಎಂದದ್ದಕ್ಕೆ ಮ್ಯಾನೇಜರರು ಒಮ್ಮೆ ಗೋಡೆಯ ಗಡಿಯಾರ ನೋಡಿದರು, ಒಮ್ಮೆ ಅಜ್ಜನನ್ನು. ಕೊನೆಗೆ ಚೀಟಿಯಲ್ಲಿ ‘ಊಟ: ಅಂದಾಜು’ ಎಂದು ಬರೆದರು.

ಚಿಕ್ಕಮ್ಮನ ಸಂಗತಿಯನ್ನು ಇಲ್ಲಿ ಹೇಳಬೇಕು. ಅವರ ಮನೆ ಗುತ್ತಿಗಾರಿನಿಂದ ಒಳಗೆ, ಕಾಡಿನ ಅಂಚಿನಲ್ಲಿ. ಚಿಕ್ಕಪ್ಪ ರಬ್ಬರ್ ಟ್ಯಾಪಿಂಗ್ ಮಾಡುವವರು. ಮಳೆಗಾಲದಲ್ಲಿ ಕತ್ತಿ ಗೋಡೆಗೆ ನೇತುಹಾಕಿ ಕೂರಬೇಕು. ಆ ತಿಂಗಳುಗಳಲ್ಲಿ ಮನೆ ನಡೆಯುತ್ತಿದ್ದದ್ದು ಚಿಕ್ಕಮ್ಮನ ಸಂಬಳದಲ್ಲಿ. ಬೇರೆಯವರು ಮೂರು ಸಲ ಚುಚ್ಚಿ ಕೈಬಿಟ್ಟ ಮಗುವಿನ ನರವನ್ನು ಅವರು ಮಾತಾಡುತ್ತಾ ಮಾತಾಡುತ್ತಾ ಹಿಡಿಯುತ್ತಿದ್ದರು. ಆದರೂ ಅವರು ವರ್ಷಗಳಿಂದ ತಾತ್ಕಾಲಿಕ. ಆ ವರ್ಷ ಡಾಕ್ಟರು ಅವರನ್ನು ಕಾಯಂ ಮಾಡುವುದಾಗಿ ಒಪ್ಪಿದ್ದರು. ಶರತ್ತು ಒಂದೇ: ಮಳೆಗಾಲ ಮುಗಿಯುವವರೆಗೆ ಹಾಜರಿಯಲ್ಲಿ ತಡ ಕಾಣಬಾರದು. ತಡವಾದರೆ ಪುತ್ತೂರಿನಲ್ಲಿ ನರ್ಸಿಂಗ್ ಮುಗಿಸಿದ ಹುಡುಗಿಯರ ಸಾಲೇ ಇತ್ತು.

ಎಂಟರದ್ದಕ್ಕಿಂತ ಮುಂಚಿನ ಬಸ್ಸಿಗೆ ಬರಬಾರದೇ ಎಂದರೆ, ಅದು ಹೊರಡುವ ಹೊತ್ತಿಗೆ ಇನ್ನೂ ಬೆಳಕು ಹರಿದಿರುವುದಿಲ್ಲ. ಚಿಕ್ಕಮ್ಮ ರಸ್ತೆಗೆ ನಡೆದು ಬರುವ ದಾರಿಯಲ್ಲಿ ಆ ಹೊತ್ತಿಗೆ ಆನೆಗಳು ತೋಟದಿಂದ ಕಾಡಿಗೆ ವಾಪಸಾಗುತ್ತವೆ. “ಅವು ಅವುಗಳ ಡ್ಯೂಟಿ ಮುಗಿಸಿ ಹೋಗ್ಲಿ, ಮತ್ತೆ ನನ್ನ ಡ್ಯೂಟಿ,” ಎನ್ನುತ್ತಿದ್ದರು.

ಆದರೆ ಚಿಕ್ಕಮ್ಮನಿಗೆ ತಡವಾಗುವ ಭಯವೇ ಇರಲಿಲ್ಲ. ಅವರು ಇಳಿದಾಗ ಎಂಟು ಗಂಟೆ. ಲ್ಯಾಬಿನ ಗಡಿಯಾರವನ್ನು ಅವರು ಬಂದ ಬಸ್ಸಿನಿಂದಲೇ ಸರಿಮಾಡುತ್ತಿದ್ದ ಕಾರಣ ಅವರಿಗೆ ತಡವಾಗಲು ಸಾಧ್ಯವೇ ಇರಲಿಲ್ಲ. ಇಡೀ ತಾಲೂಕಿನಲ್ಲೇ ಇಷ್ಟು ಭದ್ರವಾದ ನೌಕರಿ ಇನ್ನೊಂದಿರಲಿಕ್ಕಿಲ್ಲ.

ಅಷ್ಟರಲ್ಲಿ ಮೂರೂ ಊರಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಶುರುವಾಯಿತು. ಜೊತೆಗೆ ಬೆರಳು ಒತ್ತಿ ಹಾಜರಿ ಹಾಕುವ ಮಶೀನು. ಪುತ್ತೂರಿನಿಂದ ಒಬ್ಬ ಇಂಜಿನಿಯರ್ ಬಂದರು. ತಾಳ್ಮೆಯ ಮನುಷ್ಯ, ಬಂದಾಗ.

ಅವರು ಮೊದಲು ಕಡಬಕ್ಕೆ ಹೋಗಿ ಬಂದಿದ್ದರು. ಅಲ್ಲಿನ ಗಡಿಯಾರ ಕಾಲು ಗಂಟೆ ಮುಂದಿತ್ತಂತೆ. ಅಲ್ಲಿನ ಕೋಣೆ ನೋಡಿಕೊಳ್ಳುತ್ತಿದ್ದ ನೆಲ್ಯಾಡಿ ಕಡೆಯ ಮಲಯಾಳಿ ಅಕ್ಕ, ನಮ್ಮೆಲ್ಲರ ಚೇಚಿ, ಮುಂದಿಟ್ಟರೆ ಯಾರೂ ತಡ ಮಾಡುವುದಿಲ್ಲ ಎಂದು ತಿಳಿದೇ ಮುಂದಿಟ್ಟಿದ್ದರು. ಮುಂದಿದೆ ಎಂದು ಎಲ್ಲರಿಗೂ ಗೊತ್ತಿದ್ದುದರಿಂದ ಎಲ್ಲರೂ ಕಾಲು ಗಂಟೆ ಕಳೆದು ನಿಧಾನಕ್ಕೆ ಬರುತ್ತಿದ್ದರು. ಕಡಬಕ್ಕೆ ಫೋನ್ ಮಾಡುವಾಗ ನಾವು ಗಲ್ಫಿಗೆ ಮಾಡಿದವರ ಹಾಗೆ ಮೊದಲು “ಅಲ್ಲಿ ಈಗ ಎಷ್ಟು ಗಂಟೆ?” ಎಂದು ಕೇಳುತ್ತಿದ್ದೆವು.

ಸುಳ್ಯದಲ್ಲಿ ಇಂಜಿನಿಯರ್ ಜಠರವನ್ನು ನೋಡಿದರು, ತಮ್ಮ ಲ್ಯಾಪ್‌ಟಾಪ್ ನೋಡಿದರು.

“ಇದು ಹಿಂದೆ ಉಂಟಲ್ಲ ಸರ್. ಇದನ್ನು ಯಾವುದು ನೋಡಿ ಇಡುದು ನೀವು?”

“ಗುತ್ತಿಗಾರಿನ ಬಸ್ಸು.”

ಎದುರಿನ ಹೋಟೆಲಿನಲ್ಲಿ ಆ ಬಸ್ಸಿನ ಡ್ರೈವರು ಬನ್ಸ್ ತಿನ್ನುತ್ತಿದ್ದರು. ಇಂಜಿನಿಯರ್ ಬಾಗಿಲಿನಿಂದಲೇ ಕೂಗಿ ಕೇಳಿದರು: “ಅಣ್ಣಾ, ನಿಮ್ಮ ಬಸ್ಸಿನ ಟೈಮು ಯಾವುದು ನೋಡಿ?”

ಡ್ರೈವರು ಬನ್ಸಿನ ಕೈಯಲ್ಲೇ ನಮ್ಮ ಗೋಡೆಯನ್ನು ತೋರಿಸಿದರು. “ಇಗಾ, ಇದೇ ಲ್ಯಾಬಿಂದು. ಇಲ್ಲಿಗೆ ಬರುವಾಗ ಕರೆಕ್ಟ್ ಎಂಟು ಇರ್ತದೆ. ನನ್ನ ವಾಚೂ ಇದರಿಂದಲೇ ಸರಿ ಮಾಡಿಕೊಳ್ಳುದು. ಇಷ್ಟು ವರ್ಷದಲ್ಲಿ ಒಂದು ದಿನ ಲೇಟಿಲ್ಲ ನಾನು!”

ಇಂಜಿನಿಯರ್ ಸ್ಟೂಲಿನ ಮೇಲೆ ಕುಳಿತರು.

ಆ ಮಳೆಗಾಲದ ಹೊಂಡಗಳಲ್ಲಿ ಬಸ್ಸು ಒಂದು ನಿಮಿಷ ತಡವಾದರೆ ಗಡಿಯಾರ ಒಂದು ನಿಮಿಷ ಹಿಂದೆ ಬರುತ್ತಿತ್ತು. ಗಡಿಯಾರ ನೋಡಿ ಡ್ರೈವರಿನ ವಾಚು ಹಿಂದೆ. ವಾಚು ನೋಡಿ ಮರುದಿನ ಬಸ್ಸು ಹೊರಡುವುದೇ ತಡ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ನಂಬಿ, ಕೈಹಿಡಿದು, ಒಟ್ಟಿಗೆ ಹಿಂದೆ ಹೋಗಿದ್ದರು. ನಮ್ಮ ಗಡಿಯಾರ ನೋಡಿ ಬಾಗಿಲು ತೆಗೆಯುವ ದರ್ಜಿ, ಹಾಲು ಕಾಯಿಸುವ ಹೋಟೆಲಿನವರು, ಎಲ್ಲರೂ ಜೊತೆಗೆ ಹೋಗಿದ್ದರು. ಯಾರಿಗೂ ಯಾರ ಮೇಲೂ ದೂರಿರಲಿಲ್ಲ.

ಇಂಜಿನಿಯರ್ ಸಮಾಧಾನದಿಂದ ವಿವರಿಸಿದರು. ಮೂರೂ ಊರಿನ ಕಂಪ್ಯೂಟರುಗಳು ಇಂಟರ್ನೆಟ್ಟಿನ ಒಂದೇ ಗಡಿಯಾರವನ್ನು ಕೇಳಿ ಗಂಟೆ ತಿಳಿದುಕೊಳ್ಳಬೇಕು, ಬೆರಳಿನ ಮಶೀನು ಕಂಪ್ಯೂಟರನ್ನು ಕೇಳಬೇಕು, ನಡುವೆ ಮನುಷ್ಯರು ಬರಬಾರದು.

“ಆ ಗಡಿಯಾರ ಯಾರ ಹತ್ರ ಕೇಳುದು?” ಎಂದರು ಮ್ಯಾನೇಜರರು.

“ಅದಕ್ಕಿಂತ ದೊಡ್ಡದೊಂದು ಇರ್ತದೆ ಸರ್. ಅದರ ಹತ್ರ.”

“ಅದು ಯಾರ ಹತ್ರ?”

“ಅದಕ್ಕೂ ಮೇಲೆ…”

“ಹಾಗಾದ್ರೆ ಕೊನೆಗೆ ಎಲ್ಲಿಯೋ ಒಂದು ಬಸ್ಸು ಉಂಟು, ಅಲ್ವಾ?”

ಇಂಜಿನಿಯರ್ ನನ್ನ ಮುಖ ನೋಡಿದರು. ಎಂ.ಎಸ್ಸಿ. ಮಾಡಿದ್ದ ನಾನು ಪ್ರಿಂಟರಿಗೆ ಹಾಳೆ ತುಂಬಲು ಎದ್ದೆ. ಉತ್ತರವನ್ನು ಆಮೇಲೆ ಓದಿ ತಿಳಿದುಕೊಂಡಿದ್ದೇನೆ, ಆದರೆ ಆ ದಿನ ಮಾತಿನಲ್ಲಿ ಗೆದ್ದವರು ಅವರು.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಬಸ್ಸಿನಿಂದ ಇಳಿದು, ಕೊಡೆ ಮಡಚಿ, ಬೆರಳೊತ್ತಿದರು. ಮಶೀನು ಕೆಂಪಾಯಿತು, ಎಂದರೆ ತಡ. ಮರುದಿನವೂ ಕೆಂಪು. ಮೂರನೆಯ ದಿನ ಅವರು ಹಿಂದೆ ಸರಿದು ಮಶೀನಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತರು.

“ಬಸ್ಸು ಅದೇ. ಇಳಿದ ಜಾಗ ಅದೇ. ಬೆರಳೂ ಅದೇ. ಮತ್ತೆ ನಾನು ಲೇಟಾದದ್ದು ಹೇಗೆ, ಹೇಳು ನೋಡುವ?”

ಆ ಸಂಜೆಯೇ ಪುತ್ತೂರಿನಿಂದ ಡಾಕ್ಟರ ಫೋನು. ಇನ್ನೊಂದು ವಾರ ಹೀಗೇ ಆದರೆ ಕಾಯಂ ಮಾಡುವ ಮಾತು ಬಿಟ್ಟುಬಿಡುವುದು ಎಂದರಂತೆ. ಚಿಕ್ಕಮ್ಮ ಸಿರಿಂಜುಗಳನ್ನು ಎಣಿಸುತ್ತಿದ್ದವರು ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದರು. ಮ್ಯಾನೇಜರರು ರಿಸೀವರ್ ಇಟ್ಟು, “ಇಡೀ ಸುಳ್ಯ ತಪ್ಪು, ಒಂದು ಪೆಟ್ಟಿಗೆ ಸರಿ! ಒಳ್ಳೆ ಕಥೆ,” ಎಂದು ಸೀಟಿ ಹೊಡೆದರು.

ಮರುದಿನ ಬೆಳಿಗ್ಗೆ ಬೆರಳಿನ ಮಶೀನು ಹಸಿರಾಯಿತು.

ಕಂಪ್ಯೂಟರಿನ ಗಂಟೆ ಗೋಡೆಯ ಜಠರದ ಜೊತೆ ಮತ್ತೆ ಒಂದಾಗಿತ್ತು. ಇಂಜಿನಿಯರ್ ಪುತ್ತೂರಿನಲ್ಲೇ ಕೂತು ಅದನ್ನು ಸರಿಮಾಡಿದರು. ಹಗಲಿಡೀ ಸರಿಯಿತ್ತು, ಮಾರನೆಯ ಬೆಳಿಗ್ಗೆ ಹಿಂದೆ. ಪಾಸ್‌ವರ್ಡ್ ಬದಲಿಸಿ ಮ್ಯಾನೇಜರರಿಗೆ ಮಾತ್ರ ಹೇಳಿದರು. ಮ್ಯಾನೇಜರರು ಅದನ್ನು ಮರೆಯದಿರಲೆಂದು ಗಾಯಕ್ಕೆ ಹಚ್ಚುವ ಬಿಳಿ ಟೇಪಿನ ಮೇಲೆ ಬರೆದು ಕಂಪ್ಯೂಟರಿಗೇ ಅಂಟಿಸಿದರು. ಬೆಳಿಗ್ಗೆ ಮತ್ತೆ ಹಿಂದೆ.

ಇದರಿಂದ ರಿಪೋರ್ಟುಗಳಿಗೆ ಒಂದು ವಿಚಿತ್ರ ಗುಣ ಬಂತು. ಪರೀಕ್ಷೆ ಮುಗಿದ ಸಮಯ ಪುತ್ತೂರಿನ ಗಂಟೆಯಲ್ಲಿ, ಮುದ್ರಿಸಿದ ಸಮಯ ನಮ್ಮ ಗಂಟೆಯಲ್ಲಿ. ಪುತ್ತೂರಿನಲ್ಲಿ ಹನ್ನೊಂದಕ್ಕೆ ಮುಗಿದ ಪರೀಕ್ಷೆಯ ರಿಪೋರ್ಟನ್ನು ನಾನು ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಕೊಡುತ್ತಿದ್ದೆ. ನಿವೃತ್ತ ಹೆಡ್‌ಮಾಸ್ಟರೊಬ್ಬರು ಕೆಂಪು ಪೆನ್ನಿನಲ್ಲಿ ಎರಡೂ ಗಂಟೆಗಳಿಗೆ ಗೆರೆ ಎಳೆದು ವಾಪಸು ತಂದರು.

“ಇದು ರಕ್ತಪರೀಕ್ಷೆಯಾ, ಜಾತಕವಾ? ಇನ್ನೂ ಆಗದ್ದನ್ನು ಈಗಲೇ ಬರೆದು ಕೊಟ್ಟಿದ್ದೀರಲ್ಲ?”

ಮ್ಯಾನೇಜರರು ಅವರನ್ನು ಕುಳ್ಳಿರಿಸಿ ಬೆಲ್ಲದ ಕಾಫಿ ತರಿಸಿದರು. “ಎಲ್ಲ ಲ್ಯಾಬಿನಲ್ಲೂ ರಿಪೋರ್ಟು ಲೇಟು ಅಂತ ಗಲಾಟೆ. ನಾವು ಬೇಗ ಕೊಟ್ರೂ ಗಲಾಟೆ ಮಾಡಿದ್ರೆ ಹೇಗೆ ಮಾಸ್ಟ್ರೇ?”

ಹೆಡ್‌ಮಾಸ್ಟರು ಸಕ್ಕರೆ ಕಾಯಿಲೆಯವರು. ಬೆಲ್ಲದ ಕಾಫಿ ಕುಡಿದು, ಇನ್ನಷ್ಟು ಸಿಟ್ಟಿನಿಂದ ಪುತ್ತೂರಿಗೆ ದೂರು ಕೊಟ್ಟರು.

ಡಾಕ್ಟರು ಈ ಸಲ ಫೋನಿನಲ್ಲಿ ಕೂಗಿದ್ದು ಕೋಣೆಯ ಈಚೆಗೂ ಕೇಳಿಸಿತು. ಗಂಟೆ ತಿರುಗಿಸುವವರು ಯಾರು ಎಂಬುದು ಪ್ರಶ್ನೆ. ಚಿಕ್ಕಮ್ಮ ರಕ್ತದ ಟ್ಯೂಬಿಗೆ ಚೀಟಿ ಅಂಟಿಸುತ್ತಿದ್ದವರು ತಲೆ ಎತ್ತಲಿಲ್ಲ. ಮ್ಯಾನೇಜರರು ನೆಟ್ಟಗೆ ನಿಂತು ಹೇಳಿದರು: “ನಾನೇ ಡಾಕ್ಟ್ರೇ. ನಮ್ಮ ಗಂಟೆ ಸರಿ ಉಂಟು. ಬಸ್ಸು ಬಂದ ಮೇಲೆಯೇ ಇಲ್ಲಿ ಎಂಟು ಆಗುದು. ಯಾರ ಹತ್ರ ಬೇಕಾದ್ರೂ ಕೇಳಿ.”

ನಾನು ಒಳಗೆ ಹೋಗಿ ನಗು ತಡೆದುಕೊಂಡೆ. ಹೋಟೆಲಿನಲ್ಲಿ, ದರ್ಜಿಯ ಅಂಗಡಿಯಲ್ಲಿ, ಪುತ್ತೂರಿನಲ್ಲಿ, ಕಡಬದಲ್ಲಿ ಎಲ್ಲ ಕಡೆ ಇದು ನಗೆಯ ಮಾತಾಯಿತು. ಇಂಟರ್ನೆಟ್ಟಿನ ಮೇಲೆ ಯುದ್ಧ ಹೂಡಿದ ಟೈಮ್ ಕೀಪರ್ರು! ಬರಹೋಗುವವರು ಬಾಗಿಲಲ್ಲಿ ಇಣುಕಿ, “ಈಗ ಎಷ್ಟು ಗಂಟೆ ಮಾರಾಯ್ರೆ, ನಿಮ್ಮಲ್ಲಿ?” ಎಂದು ಕೇಳುತ್ತಿದ್ದರು. ಅವರು ಪ್ರತಿಯೊಬ್ಬರಿಗೂ ಗೋಡೆ ನೋಡಿ ಗಂಭೀರವಾಗಿ ಉತ್ತರ ಕೊಡುತ್ತಿದ್ದರು.

ಮಳೆಗಾಲ ಮುಗಿಯಿತು. ಒಂದೇ ವಾರದಲ್ಲಿ ಮೂರು ಸಂಗತಿ ನಡೆದವು. ಚಿಕ್ಕಮ್ಮನನ್ನು ಕಾಯಂ ಮಾಡಿದ ಆದೇಶ ಬಂತು. ಮ್ಯಾನೇಜರರನ್ನು ಕಡಬಕ್ಕೆ ಹಾಕಿದ ಆದೇಶವೂ ಬಂದು ಅವರು ಹೊರಟರು. ಮತ್ತು ಕಂಪ್ಯೂಟರು ಬೆಳಿಗ್ಗೆ ಹಿಂದೆ ಹೋಗುವುದನ್ನು ನಿಲ್ಲಿಸಿತು. ಕಾಯಂ ಆದವರ ಪಾಳಿ ಒಂಬತ್ತಕ್ಕೆ ಶುರು. ಹಾಗಾಗಿ ಆಮೇಲೆ ಅದೇ ಬಸ್ಸಿನಲ್ಲಿ ಬಂದರೂ ಚಿಕ್ಕಮ್ಮ ಸರಿಯಾದ ಗಡಿಯಾರಕ್ಕೂ ಬೇಗ ಬಂದವರೇ.

ಜಾಲ್ಸೂರಿನವರಿಗೆ ಕಡಬ ಎಂದರೆ ದಿನಕ್ಕೆ ಎರಡೆರಡು ಬಸ್ಸು ಬದಲಿಸುವ ಶಿಕ್ಷೆ. ಅಲ್ಲಿನ ಗೋಡೆಯ ಗಡಿಯಾರ ಆಗಲೂ ಕಾಲು ಗಂಟೆ ಮುಂದೆಯೇ ಇತ್ತು. ಚೇಚಿ ಅದಕ್ಕೆ ಕೈಹಚ್ಚಲು ಇಂಜಿನಿಯರನ್ನೂ ಬಿಟ್ಟಿರಲಿಲ್ಲ. ಹೊರಡುವ ದಿನ ಮ್ಯಾನೇಜರರು ಸ್ಟೂಲಿನ ಮೇಲೆ ಹತ್ತಿ ಜಠರದ ಗಾಜಿಗೆ ಎರಡು ಸಲ ತಟ್ಟಿದರಂತೆ. “ಇನ್ನು ನನ್ನ ಆಯುಷ್ಯದಲ್ಲಿ ದಿನಕ್ಕೆ ಕಾಲು ಗಂಟೆ ಕಡಬದ್ದು,” ಎಂದರಂತೆ. ನಿವೃತ್ತರಾಗುವವರೆಗೂ ಅಲ್ಲೇ ಇದ್ದರು. ಬೀಳ್ಕೊಡುಗೆಗೆ ನಾವೆಲ್ಲ ಸೇರಿ ಒಂದು ಗೋಡೆ ಗಡಿಯಾರ ಕೊಟ್ಟೆವು, ನಗುವುದಕ್ಕಾಗಿಯೇ. ಅವರು ಅದನ್ನು ತಿರುಗಿಸಿ ಹಿಂಭಾಗ ನೋಡಿ, “ಇದು ಯಾರ ಹತ್ರ ಕೇಳುದು?” ಎಂದರು.

ಮೊನ್ನೆ ಅವರು ತೀರಿಕೊಂಡ ಸುದ್ದಿ ಬಂತು. ನಾನೂ ಚಿಕ್ಕಮ್ಮನೂ ಹೋದೆವು. ಹನ್ನೊಂದಕ್ಕೆ ದೇಹ ಎತ್ತುವುದೆಂದು ಹೇಳಿದ್ದರು. ಹನ್ನೊಂದು ದಾಟಿದರೂ ಯಾರೂ ಏಳಲಿಲ್ಲ. ಅಂಗಳದಲ್ಲಿ ಒಬ್ಬರು ಇನ್ನೊಬ್ಬರ ಫೋನು ನೋಡುತ್ತಿದ್ದರು. ಆಗ ಗುತ್ತಿಗಾರಿನ ಬಸ್ಸಿನ ಹಳೆಯ ಡ್ರೈವರು, ಈಗ ತಲೆ ಪೂರ್ತಿ ನರೆತವರು, ಏದುಸಿರು ಬಿಡುತ್ತಾ ಗೇಟು ದಾಟಿ ಬಂದರು. ಮುದುಕರೊಬ್ಬರು ಎದ್ದು ನಿಂತು, “ಬಸ್ಸು ಬಂತು. ಇನ್ನು ಹನ್ನೊಂದು ಅಂತ ಲೆಕ್ಕ, ಏಳಿ,” ಎಂದರು. ಎಲ್ಲರೂ ನಕ್ಕರು, ಮನೆಯವರೂ. ಡ್ರೈವರು ಮಾತ್ರ ಅತ್ತರು.

ಆ ನಗುವಿನ ನಡುವೆ ನನಗೆ ಹೊಳೆದದ್ದು ಇದು. ಬಸ್ಸು ಎಂದೂ ತಡವಾಗುವುದಿಲ್ಲ ಎಂದು ಬೇರೆ ಯಾರಾದರೂ ನಂಬಬಹುದು. ಟೈಮ್ ಕೀಪರ್ ಆಗಿದ್ದವರು ನಂಬುವುದು ಹೇಗೆ? ತಡವಾದ ಬಸ್ಸುಗಳ ಡ್ರೈವರುಗಳ ಜೊತೆ ಜಗಳವಾಡುವುದೇ ಅವರ ಹಿಂದಿನ ಉದ್ಯೋಗವಾಗಿತ್ತಲ್ಲ! ಹಾಗಾದರೆ ಕಂಪ್ಯೂಟರನ್ನು ಹಿಂದೆ ಇಟ್ಟದ್ದು ಹಟಕ್ಕಲ್ಲ, ಚಿಕ್ಕಮ್ಮನಿಗಾಗಿ. ಎಂಥ ಮನುಷ್ಯ ಎಂದು ಮನಸ್ಸು ತುಂಬಿ ಬಂತು.

ಆದರೆ ನಾನು ನನ್ನ ನೆನಪನ್ನು ಅಷ್ಟು ಸುಲಭಕ್ಕೆ ನಂಬುವವಳಲ್ಲ. ವಾಪಸು ಬರುವ ಬಸ್ಸಿನಲ್ಲಿ ಇನ್ನೊಂದು ಸಂಗತಿ ನೆನಪಾಯಿತು. ಮ್ಯಾನೇಜರರಿಗೆ ಕಂಪ್ಯೂಟರೇ ಬರುತ್ತಿರಲಿಲ್ಲ. ಮೌಸನ್ನು ಟಿ.ವಿ. ರಿಮೋಟಿನ ಹಾಗೆ ಎತ್ತಿ ಹಿಡಿದು ಒತ್ತುತ್ತಿದ್ದರು. ಒಂದು ರಿಪೋರ್ಟು ತೆರೆಯಲಿಕ್ಕೂ “ಯೂನಿವರ್ಸಿಟಿ, ಬನ್ನಿ ಮಾರಾಯ್ರೆ” ಎಂದು ನನ್ನನ್ನೇ ಕರೆಯುತ್ತಿದ್ದರು. ಗಂಟೆ ಬದಲಿಸುವ ಜಾಗ ಹುಡುಕಿ, ಪಾಸ್‌ವರ್ಡ್ ಹಾಕಿ, ದಿನವೂ ತಪ್ಪದೆ ತಿರುಗಿಸುವುದು ಅವರಿಂದ ಆಗುತ್ತಿತ್ತೇ? ಬೆಳಿಗ್ಗೆ ಮೊದಲು ಬರುತ್ತಿದ್ದವರು ಅವರು, ನಿಜ. ಆದರೆ ಸಂಜೆ ಕೊನೆಗೆ ಹೋಗುತ್ತಿದ್ದವರು ಚಿಕ್ಕಮ್ಮ. ಗುತ್ತಿಗಾರಿನ ಬಸ್ಸಿಗೆ ಕಾಯುತ್ತಾ ಅವರೊಬ್ಬರೇ ಲ್ಯಾಬಿನಲ್ಲಿ ಕೂರುತ್ತಿದ್ದರು. ಆ ಹೊತ್ತಿನಲ್ಲಿ ಅವರಿಗೆ ಕಂಪ್ಯೂಟರು ಕಲಿಸಿದ್ದು ನಾನೇ.

ಆ ವಾರದ ಮೂರು ಸಂಗತಿಗಳಲ್ಲಿ ಯಾವುದು ಮೊದಲು ಎಂದು ಗೊತ್ತಾದರೆ ಸಾಕಿತ್ತು. ಮ್ಯಾನೇಜರರು ಹೋದ ಮೇಲೆ ಕಂಪ್ಯೂಟರು ಸರಿಯಾಗಿದ್ದರೆ ಕೈ ಅವರದ್ದೇ. ಅವರಿನ್ನೂ ಇದ್ದಾಗಲೇ, ಚಿಕ್ಕಮ್ಮನ ಆದೇಶ ಬಂದೊಡನೆ ಸರಿಯಾಗಿದ್ದರೆ ಕೈ ಯಾರದ್ದೂ ಆಗಿರಬಹುದು. ಡೈರಿ ತೆಗೆದು ನೋಡಿದೆ. ಆ ವಾರ ನನಗೆ ಜ್ವರವಿದ್ದು ಮನೆಯಲ್ಲೇ ಮಲಗಿದ್ದೆನೆಂದು ಮುಂದಿನ ಹಾಳೆಯಲ್ಲಿದೆ. ಏಳು ಹಾಳೆ ಬಿಳಿ.

ಬಸ್ಸಿನಲ್ಲೇ ಚಿಕ್ಕಮ್ಮನನ್ನು ಕೇಳಿದ್ದೆ. ಅವರು ಟಿಕೆಟನ್ನು ವಾಚಿನ ಪಟ್ಟಿಗೆ ಸಿಕ್ಕಿಸಿಕೊಂಡು ಹೊರಗೆ ನೋಡುತ್ತಿದ್ದರು. “ನಿನ್ನ ಸ್ಟಾಪ್ ಬಂತು, ಇಳಿ,” ಎಂದರು. ನನ್ನ ಸ್ಟಾಪಿಗೆ ಇನ್ನೂ ಎರಡು ತಿರುವು ಇತ್ತು.

ಮನೆಗೆ ಬಂದು ವಾಟ್ಸಾಪಿನಲ್ಲಿ ಬರೆದೆ. ಓದಿದ ನೀಲಿ ಗೆರೆಗಳು ಆಗಲೇ ಬಿದ್ದಿವೆ. ಅಲ್ಲಿಂದ ಈಚೆಗೂ ದಿನಾ ಬೆಳಿಗ್ಗೆ ಅವರಿಂದ ದಾಸವಾಳದ ಶುಭೋದಯ ಬರುತ್ತದೆ, ಯಾವ ದಿನವೂ ತಡವಿಲ್ಲ. ಅದರ ಮೇಲೆ ನನ್ನ ಪ್ರಶ್ನೆ ಹಾಗೇ ಕೂತಿದೆ:

“ಚಿಕ್ಕಮ್ಮ, ಆ ಕಂಪ್ಯೂಟರನ್ನು ಹಿಂದೆ ಇಡ್ತಾ ಇದ್ದದ್ದು ಅವರಾ, ನೀವಾ?”